ಮುತ್ಯಾನ ಒಂಟಿ ಸೀನು

ತೆಂಗಳಿಯ ಸಾಹುಕಾರ ಮುತ್ಯಾನಿಗೆ ಸಾವಿಲ್ಲ. ಬಾವಲಿ ತುಂಬಿದ ಅವರ ವಾಡೆಯ ನೆಲದಡಿಯ ಹಗೇವಿನಲ್ಲಿ ಜೋಳದ ಬದಲು ಬಂಗಾರದ ಮೊಹರುಗಳಿವೆ. ಎಷ್ಟು ತೋಡಿದರೂ ಮುಗಿಯುವುದಿಲ್ಲ. ಹಾಲಿನವನು ಮಾತ್ರ ಮೊಹರಿಗೆ ಚಿಲ್ಲರೆ ಇಲ್ಲವೆಂದು ಗೊಣಗುತ್ತಾನೆ.

ಮುನ್ನೂರು ವರ್ಷ ಸತ್ತ ಊರವರ ಮಣ್ಣಿಗೆ ಹೋಗಿ ಹೋಗಿ ಬೇಸತ್ತ ಮುತ್ಯಾ, ಶಾಸ್ತ್ರದ ಪ್ರಕಾರ ಹೂತರೆ ತನಗೂ ಸಾವು ಬಂದೀತು ಎಂದುಕೊಂಡರು. ಶಹಾಬಾದ್ ಕಲ್ಲು ಹಾಸಿದ ಗುಂಡಿ ತೋಡಿಸಿ, ಊರಿಗೆಲ್ಲ ಹೋಳಿಗೆ ಊಟ ಹೇಳಿ, ರೇಷ್ಮೆ ರುಮಾಲು ಸುತ್ತಿಕೊಂಡು ಒಳಗಿಳಿದು ಕುಳಿತರು. ಭಜನೆ ಜೋರಾಯಿತು. ಜಂಗಮ ಗುರುಲಿಂಗಯ್ಯನವರು ಬುಟ್ಟಿಗಟ್ಟಲೆ ವಿಭೂತಿ ಸುರಿದರು.

ಮುತ್ಯಾ ಸೀನಿದರು.

"ಒಂಟಿ ಸೀನಾತು. ಅಪಶಕುನ. ಇವತ್ತ ಈ ಕೆಲಸ ಬ್ಯಾಡ," ಎಂದು ಅಯ್ಯನವರು ಬುಟ್ಟಿ ಕೆಳಗಿಟ್ಟರು.

"ಇನ್ನೊಂದ್ ಸಲ ಸೀನ್ರಿ ಮುತ್ಯಾ, ಜೋಡಿ ಸೀನಾದ್ರ ನಡೀತದ," ಎಂದು ಜನ ಹುರಿದುಂಬಿಸಿದರು.

ಮುತ್ಯಾ ಮೂಗು ತಿಕ್ಕಿದರು, ಸೂರ್ಯನನ್ನು ದಿಟ್ಟಿಸಿದರು. ಹಗೇವು ತುಂಬ ಬಂಗಾರವಿದ್ದರೂ ಎರಡನೇ ಸೀನು ಬರಲಿಲ್ಲ.

"ಹೋಳಿಗಿ ಆರಲಿಕತ್ತಾವ, ಮ್ಯಾಲ ಬರ್ರಿ," ಎಂದು ವಾಡೆಯ ಸೊಸೆ ಚಂದಮ್ಮ ಕೈ ಹಿಡಿದು ಎತ್ತಿದಳು. ಮುತ್ಯಾ ನೇರ ಪಂಕ್ತಿಯಲ್ಲಿ ಕೂರಲು ಹೋದದ್ದೇ ಗದರಿದಳು: "ಹಾಂಗೇ ಉಣ್ಣಾಕ ಕುಂತ್ರ ಹ್ಯಾಂಗ್ರಿ? ಮಣ್ಣಿಗಿ ಹೋಗಿ ಬಂದೀರಿ, ಮೊದಲ ಜಳಕ ಮಾಡ್ರಿ."

"ಅದು ನಂದೇ ಮಣ್ಣಲ್ಲೇನವ್ವಾ?"

"ಯಾರದರೇ ಇರ್ಲಿ, ತಲಿಮ್ಯಾಲ ನೀರ ಹಾಕ್ಕೊಂಡ ಬರ್ರಿ."