ಚೌಡವ್ವ ಬರೆದ ವಾಕ್ಯ

ನಾನು ಒಂದು ಪಾಟಿ. ಬೇರೆ ಸೀಮೆಯವರು ನನ್ನನ್ನು ಸ್ಲೇಟು ಎನ್ನುತ್ತಾರೆ. ನೆಲದೊಳಗಿನ ಕತ್ತಲೆಯಲ್ಲಿ ಒಂದರ ಮೇಲೊಂದು ಮಲಗಿದ್ದ ಕರಿಕಲ್ಲಿನ ಪದರಗಳಲ್ಲಿ ಒಂದು ಪದರ ನಾನಾಗಿದ್ದೆ. ಗಣಿಯ ಹೆಂಗಸರು ಉಳಿಯಿಂದ ನನ್ನನ್ನು ಮೆಲ್ಲಗೆ ಬಿಡಿಸಿದರು, ನೀರು ಹಾಕಿ ಉಜ್ಜಿ ನುಣುಪು ಮಾಡಿದರು. ಬಡಗಿಯೊಬ್ಬ ಸುತ್ತಲೂ ಕಟ್ಟಿಗೆಯ ಚೌಕಟ್ಟು ಕೂಡಿಸಿದ. ಆಮೇಲೆ ಹುಲ್ಲಿನ ನಡುವೆ ಜೋಡಿಸಿ ಲಾರಿಗೆ ಹೇರಿದರು. ದಾರಿಯ ಕುಲುಕಾಟಕ್ಕೆ ನನ್ನ ಜೊತೆಯವರು ಎಷ್ಟೋ ಮಂದಿ ಬಿರುಕು ಬಿಟ್ಟರು. ನಾನು ಇಡಿಯಾಗಿಯೇ ಬಾಗಲಕೋಟೆ ಸೀಮೆಯ ಒಂದು ನೇಕಾರರ ಊರನ್ನು ಮುಟ್ಟಿದೆ.

ಅಂಗಡಿಯಿಂದ ನನ್ನನ್ನು ಕೊಂಡವನು ಪರಪ್ಪ. ಅವನ ಮಗಳು ದಾಕ್ಷಾಯಣಿ ಆಗ ಶಾಲೆಯ ಒಂದನೇ ಇಯತ್ತೆಗೆ ಸೇರಿದ್ದಳು. ಅವಳು ನನ್ನ ಮೇಲೆ ಬರೆಯುವುದಕ್ಕಿಂತ ಹೆಚ್ಚು ಉಗುಳುತ್ತಿದ್ದಳು, ಅಂಗೈಯಿಂದ ಒರೆಸುತ್ತಿದ್ದಳು, ಒರೆಸಿದ್ದು ಸಾಲದೆ ಲಂಗದಿಂದ ಇನ್ನೊಮ್ಮೆ ಒರೆಸುತ್ತಿದ್ದಳು. ಬೆಳೆದಂತೆ ಅವಳ ಕೈಗೆ ನೋಟುಬುಕ್ಕು ಬಂತು. ನನ್ನನ್ನು ಮಗ್ಗದ ಕೋಣೆಯ ಗೋಡೆಗೆ ತೂಗುಹಾಕಿದರು.

ಅಲ್ಲಿಂದ ನಾನು ಆ ಮನೆಯನ್ನು ನೋಡಿದೆ. ಪರಪ್ಪ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಬೆಳಗಿನಿಂದ ಕುಪ್ಪಸದ ಖಣ ನೇಯುತ್ತಿದ್ದ. ಅವನ ಮುದಿತಾಯಿ ರಾಟಿಯ ಮುಂದೆ ಕುಳಿತು ಕಂಡಿಕೆಯ ಕೊಳವೆಗೆ ನೂಲು ಸುತ್ತುತ್ತಿದ್ದಳು. ಹೀಗೆ ಸುತ್ತಿಕೊಟ್ಟ ನೂಲು ಲಾಳಿಯಲ್ಲಿ ಕುಳಿತರೇ ಮಗ್ಗ ನಡೆಯುವುದು. ಒಬ್ಬರು ನೇಯುವ ಮನೆಯಲ್ಲಿ ಇನ್ನೊಬ್ಬರು ದಿನವಿಡೀ ಸುತ್ತಲೇಬೇಕು. ಪರಪ್ಪನ ಹೆಂಡತಿ ಚೌಡವ್ವ ಒಲೆ, ನೀರು, ನೂಲಿಗೆ ಗಂಜಿ ಹಾಕುವುದು ಎಲ್ಲವನ್ನೂ ಮುಗಿಸಿ ಅತ್ತೆಗೆ ಕೈ ಹಚ್ಚುತ್ತಿದ್ದಳು.

ಒಂದು ವರ್ಷ ಮುದುಕಿಯ ಕಣ್ಣಿಗೆ ಪೊರೆ ಬಂತು. ಹರಿದ ಎಳೆ ಅವಳ ಬೆರಳಿಗೆ ಸಿಗದಾಯಿತು. ಪರಪ್ಪ ಕುಣಿಯಿಂದಲೇ ಹೇಳಿದ:

"ದಾಕ್ಷಿ ನಾಕನೇ ಇಯತ್ತೆ ಮುಗಸೂದು ಮುಗಸ್ಲಿ. ಮುಂದ ಸಾಕು. ರಾಟಿ ಹಿಡೀಲಿ."

ಚೌಡವ್ವ ಮಾತಿಗೆ ಮಾತು ಕೊಡುವ ಹೆಂಗಸಲ್ಲ. ಆದರೆ ಮರುದಿನ ನೀರಿಗೆ ಹೋದಾಗ ಹೆಣ್ಣುಮಕ್ಕಳ ಶಾಲೆಯ ರುಕ್ಮಿಣಿ ಅಕ್ಕೋರನ್ನು ನಿಲ್ಲಿಸಿ, ಇದಕ್ಕೇನು ಮಾಡಲಿ ಎಂದು ಕೇಳಿದಳಂತೆ. ಆಗ ಊರೂರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಆಂದೋಲನ ನಡೆದಿತ್ತು. ಅಕ್ಕೋರು ಸಂಜೆ ಚೌಡಮ್ಮನ ಗುಡಿಯ ಪಡಸಾಲೆಯಲ್ಲಿ ಹೆಂಗಸರಿಗೆ ಪಾಠ ಹೇಳುತ್ತಿದ್ದರು. "ನೀ ಕಲಿ ಬಾ," ಅಂದರಂತೆ. "ತಾಯಿಗೆ ಅಕ್ಷರ ಬಂದ್ರ, ಮಗಳನ್ನ ಸಾಲಿ ಬಿಡಸಾಕ ಯಾರಿಗೂ ಬಾಯಿ ಬರೂದಿಲ್ಲ."

ಚೌಡವ್ವ ಆ ಮಾತನ್ನು ನಂಬಿದಳು. ನನ್ನನ್ನು ಗೋಡೆಯಿಂದ ಇಳಿಸಿ ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು.

ನನ್ನ ಬಾಳಿನ ಒಳ್ಳೆಯ ದಿನಗಳು ಅವೇ. ಅವಳ ತೊಡೆಯ ಮೇಲಿಂದ ತಲೆಯೆತ್ತಿ ನೋಡಿದರೆ ಲಾಟೀನಿನ ಬೆಳಕಿನಲ್ಲಿ ಅವಳ ಗದ್ದ ಕಾಣುತ್ತಿತ್ತು, ಬರೆಯುವಾಗ ಹಲ್ಲಿನ ನಡುವೆ ಸಿಕ್ಕಿಸಿಕೊಂಡ ಸೆರಗಿನ ತುದಿ ಕಾಣುತ್ತಿತ್ತು. ನೂಲು ಹಿಡಿದು ಹಿಡಿದು ಗೆರೆಬಿದ್ದ ಬೆರಳು ಬಳಪವನ್ನೂ ನೂಲಿನ ಹಾಗೆಯೇ ಹಿಡಿಯುತ್ತಿತ್ತು, ಎಲ್ಲಿ ಹರಿದೀತೋ ಎಂಬಂತೆ.

ಒಂದು ಸಂಜೆ ಅಕ್ಕೋರು ಹಲಗೆಯ ಮೇಲೆ "ಶಾಲೆ" ಎಂದು ಬರೆದರು.

"ಈ ಶಬ್ದಾನ ಸ್ವಂತ ವಾಕ್ಯದಾಗ ಬಳಸ್ರಿ. ಪರೀಕ್ಷಾದಾಗೂ ಇದನ್ನ ಕೇಳ್ತಾರ."

ಪಕ್ಕದ ಮನೆಯ ಹಣಮವ್ವ ಕೈಯೆತ್ತಿದಳು. "ಸ್ವಂತದ್ದು ಅಂದ್ರ ಹೆಂಗ್ರಿ ಅಕ್ಕೋರ? ನಮ್ಮ ಹಂತೇಕ ಸ್ವಂತದ್ದು ಏನೈತಿ? ಈ ಮೂಗಬಟ್ಟ ಸುದ್ದಾ ನಮ್ಮತ್ತೀದು!"

ಪಡಸಾಲೆಯೆಲ್ಲ ನಕ್ಕಿತು. ಅಕ್ಕೋರೂ ನಕ್ಕರು. "ನಿನ್ನ ತಲ್ಯಾಗಿಂದು ಅಂತ ಅರ್ಥ. ಸಾಲಿಗೆ ನೀ ಯಾವತ್ತರ ಹೋಗಿಯಿಲ್ಲೋ?"

"ಹೋಗೀನ್ರಿ, ಓಟ ಹಾಕಾಕ."

"ಹಂಗಾರ ಅದನ್ನ ಬರಿ."

ಹಣಮವ್ವ ಬರೆದಳು: ನಾನು ಶಾಲೆಯಲ್ಲಿ ಮತ ಹಾಕಿದೆ. ವಾಕ್ಯ ಸರಿಯಾಗಿದೆ ಎಂದು ಅಕ್ಕೋರು ಗೀಟು ಹಾಕಿದರು. ಉಳಿದವರು ನಾನು ಶಾಲೆಗೆ ಹೋದೆ, ನಾನು ಶಾಲೆಯಲ್ಲಿ ಕಲಿತೆ ಎಂದು ಒಬ್ಬರದನ್ನೊಬ್ಬರು ನೋಡಿ ಬರೆದರು. ಚೌಡವ್ವ ಮಾತ್ರ ಬರಿಯ ಶಬ್ದವನ್ನು ಬರೆದು ಕುಳಿತಿದ್ದಳು.

"ಯಾಕ ಚೌಡವ್ವ? ಒಂದ ಶಬ್ದ ಬರದ್ರ ವಾಕ್ಯ ಆಗೂದಿಲ್ಲ. ಯಾರು, ಏನ ಮಾಡಿದ್ರು, ಅದು ಬರಬೇಕು."

"ನಾ ಸಾಲಿಗೆ ಹೋಗೇ ಇಲ್ಲಲ್ರಿ ಅಕ್ಕೋರ. ಹೋಗಲಾರದಾಕಿ ಹೋದೆ ಅಂತ ಹೆಂಗ ಬರೀಲಿ? ಸುಳ್ಳಾಗತೈತಿ."

ಅಕ್ಕೋರು "ಖರೇದ ಏನೈತಿ, ಅದನ್ನ ಬರಿ ಹಂಗಾರ," ಎಂದರು.

ಪರೀಕ್ಷೆಯ ದಿನ ಪಟ್ಟಣದಿಂದ ಸಾಹೇಬರು ಬಂದಿದ್ದರು. ಗುಡಿಯ ಮುಂದೆ ಗಂಡಸರು ನೆರೆದಿದ್ದರು. ಪರಪ್ಪನೂ ಕಂಬಕ್ಕೆ ಒರಗಿ ನಿಂತಿದ್ದ. ಚೌಡವ್ವ ಮೂಗಿನ ಮೇಲಿನ ಬೆವರು ಒರೆಸಿಕೊಂಡು ನನ್ನ ಎದೆಯ ಮೇಲೆ ಬರೆದಳು: ನನ್ನ ಮಗಳು ಶಾಲೆಗೆ ಹೋಗುತ್ತಾಳೆ.

ಸಾಹೇಬರು ನನ್ನನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಚಪ್ಪಾಳೆ ಬಿತ್ತು. ಇಂಥ ತಾಯಿಯಿದ್ದರೆ ಮಕ್ಕಳಿಗೆ ಬೇರೆ ಗುರು ಬೇಡ ಎಂದು ಭಾಷಣದಲ್ಲಿ ಹೇಳಿದರು. ಪರಪ್ಪನ ಮುಖ ಅರಳಿದ್ದನ್ನು ನಾನು ಕಂಡೆ. ಅವನು ಕೆಟ್ಟವನಲ್ಲ. ಆ ದಿನ ಅವನಿಗೆ ನಿಜವಾಗಿ ಹೆಮ್ಮೆಯಾಗಿತ್ತು.

ಮರುದಿನ ಬೆಳಿಗ್ಗೆ, ನಾಲ್ಕನೆಯದು ಮುಗಿಸಿ ಐದನೇ ಇಯತ್ತೆಗೆ ಹೋಗುತ್ತಿದ್ದ ದಾಕ್ಷಾಯಣಿ ಚೀಲ ಹೆಗಲಿಗೆ ಹಾಕಿದಾಗ ಅವನು ಮಗ್ಗ ನಿಲ್ಲಿಸಿದ.

"ಚೀಲ ಕೆಳಗಿಡು. ನಿಮ್ಮವ್ವಗ ಈಗ ಬರಿಯಾಕ ಬರತೈತಿ. ಮನ್ಯಾಗ ಅಕ್ಕೋರ ಇದ್ದಮ್ಯಾಲೆ ಸಾಲಿ ಯಾಕ ಬೇಕ? ರಾಟಿ ತಿರುವಿಕೋತ ಇಲ್ಲೇ ಕಲಿ."

ಚೌಡವ್ವ ಒಲೆಯ ಮುಂದೆ ಕುಳಿತಿದ್ದಳು. ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ಅವಳು ತಿರುವಿ ಹಾಕಲಿಲ್ಲ.

ರುಕ್ಮಿಣಿ ಅಕ್ಕೋರು ಮನೆಗೆ ಬಂದು ಕೇಳಿಕೊಂಡರು. ಪರಪ್ಪ ನಗುನಗುತ್ತಲೇ ಉತ್ತರ ಕೊಟ್ಟ: "ಸಾಲಿ ಬಿಡಸಿಲ್ರಿ ಅಕ್ಕೋರ. ಸಾಲಿ ಮನೀಗೇ ಬಂದೈತಿ. ಸಾಹೇಬ್ರು ಮಂದೀ ಮುಂದ ಹೇಳಿದ್ದ ಸುಳ್ಳೇನು?"

ಅಕ್ಕೋರು ಬಂದ ದಾರಿಯಲ್ಲೇ ತಿರುಗಿದರು.

ಹೀಗೆ ಚೌಡವ್ವನ ನಿಜವಾದ ವಾಕ್ಯ ಬೆಳಗಾಗುವುದರೊಳಗೆ ಸುಳ್ಳಾಯಿತು. ಸುಳ್ಳು ಮಾಡಿದ್ದು ಆ ವಾಕ್ಯವೇ.

ಮನೆಯ ಪಾಠ ಶುರುವಾಯಿತು. ದಾಕ್ಷಾಯಣಿ ರಾಟಿ ತಿರುಗಿಸುತ್ತಿದ್ದಳು, ತಾಯಿ ಎದುರಿಗೆ ನನ್ನನ್ನು ಹಿಡಿದು ಕೂಡುತ್ತಿದ್ದಳು. ಆದರೆ ತಾಯಿಗೆ ಬರುವುದೆಲ್ಲ ಮಗಳು ಎಂದೋ ದಾಟಿಬಂದದ್ದು. ಮಗಳ ಪುಸ್ತಕದ ಭಾಗಾಕಾರ ತಾಯಿಗೆ ತಿಳಿಯದು, ನಕಾಶೆ ತಿಳಿಯದು. ಮೊದಮೊದಲು ಹುಡುಗಿಯೇ ತಾಯಿಗೆ ಹೇಳಿಕೊಡುತ್ತಿದ್ದಳು. ಬರಬರುತ್ತ ಅದೂ ನಿಂತಿತು. ಒಂದು ಮಧ್ಯಾಹ್ನ ತಾಯಿ ಬರೆದು ತೋರಿಸಿದ್ದನ್ನು ನೋಡದೆಯೇ ಅಂದಳು: "ನೀ ಕಲಿಬಾರದಾಗಿತ್ತು ನೋಡವ್ವ."

ಕಂಡಿಕೆ ತುಂಬಿತ್ತು. ಅದನ್ನು ತೆಗೆದು ಬೇರೊಂದು ಹಾಕಿದಳು. ತಾಯಿ ನನ್ನನ್ನು ಬೋರಲು ಮಲಗಿಸಿದಳು. ಆ ಹೊತ್ತಿನಿಂದ ಅವಳೊಳಗೆ ಏನೋ ನಡೆದಿತ್ತು. ಹೆಂಗಸರು ಕಲಿತದ್ದನ್ನು ಉಳಿಸಿಕೊಂಡಿದ್ದಾರೋ ಇಲ್ಲವೋ ನೋಡಲು ಸಾಹೇಬರು ಮತ್ತೆ ಬರುತ್ತಾರೆಂಬ ಸುದ್ದಿ ಹಣಮವ್ವನಿಂದ ಬಂದಾಗ, ಚೌಡವ್ವ ಮೂರು ಮೂರು ಸಲ ಕೇಳಿದಳು: "ಮನೀಗೇ ಬರತಾರೇನ? ಎಲ್ಲಾರ ಮುಂದ ಬರಸ್ತಾರೇನ?"

ಸಾಹೇಬರು ರುಕ್ಮಿಣಿ ಅಕ್ಕೋರ ಜೊತೆ ಬಂದರು. ಪರಪ್ಪ ಕಂಬಳಿ ಹಾಸಿದ, ಓಣಿಯವರನ್ನು ಕರೆದ, ಚಹಾ ಮಾಡಿಸಿದ. ತಾನೇ ನನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿ ಹೆಂಡತಿಯ ಕೈಗೆ ಕೊಟ್ಟ. ಸಾಹೇಬರು ಮೊದಲಿನ ಶಬ್ದವನ್ನೇ ಕೇಳಿದರು. ಶಾಲೆ.

ಚೌಡವ್ವ ಬಳಪ ಹಿಡಿದಳು. ಒಂದು ಸೊನ್ನೆ ಬರೆದಳು, ಅದಕ್ಕೊಂದು ಬಾಲ ಎಳೆದಳು, ಪಕ್ಕದಲ್ಲಿ ಕೊಕ್ಕೆಯಂಥದೇನೋ ಗೀಚಿದಳು. ಬಳಪ ಎಲ್ಲಿಯೂ ತಡವರಿಸಲಿಲ್ಲ. ಎಲ್ಲಿ ಒತ್ತಬೇಕು, ಎಲ್ಲಿ ಎತ್ತಬೇಕು ಎಂಬುದು ಗೊತ್ತಿರುವ ಕೈ ಬೇಕೆಂದೇ ದಾರಿ ತಪ್ಪಿ ನಡೆಯುತ್ತಿತ್ತು. ಅದು ನನಗೆ ತಿಳಿಯಿತು.

"ಮರತ ಹೋಗೈತ್ರಿ," ಎಂದಳು.

ಯಾರೋ ಕಿಸಕ್ಕೆಂದು ನಕ್ಕರು. ಪರಪ್ಪನ ಮುಖ ಕಪ್ಪಿಟ್ಟಿತು. "ದಿನಾ ಮಗಳಿಗೆ ಏನ ಕಲಸತಿದ್ದಿ ಹಂಗಾರ?"

"ಏನಿಲ್ಲ. ಸುಮ್ನ ಕುಂದ್ರತಿದ್ದೆ."

ರುಕ್ಮಿಣಿ ಅಕ್ಕೋರು ಅವಳ ಮುಖ ನೋಡಿದರು. ತಮ್ಮ ಕಲಿಸುವಿಕೆಗೇ ಕೆಟ್ಟ ಹೆಸರು ಬರುತ್ತಿತ್ತು. ಆದರೂ "ಖರೇ, ಪೂರಾ ಮರತಾಳ್ರಿ," ಎಂದರು. "ಪರಪ್ಪ, ಇಕಿ ಕಲಸತಾಳ ಅಂತ ಹುಡುಗೀನ ಮನ್ಯಾಗ ಇಟ್ಟಿದ್ದಿ. ಇನ್ನ ಏನ ಹೇಳತಿ?"

ಓಣಿಯವರ ಮುಂದೆ ಅವನು, ನಾಳೆಯಿಂದ ಹುಡುಗಿಯನ್ನು ಕಳಿಸುತ್ತೇನೆ ಎಂದು ಒಪ್ಪಲೇಬೇಕಾಯಿತು. ಅವರು ಹೋದ ಮೇಲೆ ನನ್ನನ್ನು ಎತ್ತಿ ಎಸೆದ. ನನ್ನ ಒಂದು ಮೂಲೆ ಮುರಿಯಿತು. "ಕಲ್ಲ, ಕಲ್ಲ ಐತಿ ನಿನ್ನ ತಲ್ಯಾಗ!" ಎಂದ. ಮರುದಿನ ದಾಕ್ಷಾಯಣಿ ಶಾಲೆಗೆ ಹೋದಳು. ರಾಟಿಯ ಮುಂದೆ ಚೌಡವ್ವ ಕುಳಿತಳು.

ಮತ್ತೆ ಅವಳು ಬಳಪ ಮುಟ್ಟಲಿಲ್ಲ. ಬರೆಯುವುದು ಯಾರ ಕಣ್ಣಿಗಾದರೂ ಬಿದ್ದರೆ ಮಗಳ ಶಾಲೆ ನಿಂತೀತು. ಸಂಘದಲ್ಲಿ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿದಳು. ಬಸ್ಸಿನ ಬೋರ್ಡನ್ನು ಪರರಿಂದ ಓದಿಸಿಕೊಂಡಳು. ಮಗಳಿಗೂ ಹೇಳಲಿಲ್ಲ, ಹುಡುಗಿಯ ಬಾಯಿ, ಅಪ್ಪನ ಮುಂದೆ ಜಾರಿದರೆ ಎಂಬ ಅಂಜಿಕೆ. ಆಮೇಲೆ ಹೇಳುವ ಹೊತ್ತು ಮೀರಿತು.

ದಾಕ್ಷಾಯಣಿ ಓದಿ ಶಿಕ್ಷಕಿಯಾದಳು. ಪರಪ್ಪ ತೀರಿಕೊಂಡ ಮೇಲೆ ತಾಯಿಯನ್ನು ತನ್ನ ಊರಿಗೆ ಕರೆತಂದಳು. ಚೌಡವ್ವನ ಟ್ರಂಕಿನಲ್ಲಿ, ಸೀರೆಗಳ ನಡುವೆ, ನಾನೂ ಬಂದೆ. "ನಮ್ಮವ್ವಗ ಸಹಿ ಸುದ್ದಾ ಬರೂದಿಲ್ಲ," ಎಂದು ಮಗಳು ಜೊತೆಯ ಶಿಕ್ಷಕಿಯರಿಗೆ ಹೇಳುವುದನ್ನು ನಾನು ಕೇಳಿದ್ದೇನೆ. ಅವಳ ದನಿಯಲ್ಲಿ ಪ್ರೀತಿಯಿರುತ್ತಿತ್ತು, ಅದರ ಅಡಿಯಲ್ಲಿ ಸಣ್ಣದೊಂದು ನಾಚಿಕೆ.

ಹೋದ ವರ್ಷ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಯಾರಿಗೂ ಅಂಜಬೇಕಾಗಿಯೂ ಇರಲಿಲ್ಲ. ಚೌಡವ್ವ ನನ್ನನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಎಲ್ಲಿಂದಲೋ ಒಂದು ತುಂಡು ಬಳಪ ಹುಡುಕಿ ತಂದಿದ್ದಳು. "ನ" ಬರೆದಳು. ಮುಂದಿನ ಅಕ್ಷರ ಬರಲಿಲ್ಲ. ಕಣ್ಣು ಮುಚ್ಚಿ ಕುಳಿತಳು, ಗಾಳಿಯಲ್ಲಿ ಬೆರಳಾಡಿಸಿದಳು, ಬರಲಿಲ್ಲ. ನಾನು ಕಾದೆ. ಈ ಸಲ ಅವಳು ನಟಿಸುತ್ತಿರಲಿಲ್ಲ.

ಅಷ್ಟರಲ್ಲಿ ದಾಕ್ಷಾಯಣಿ ಬಂದಳು.

"ಏನದು? ನನ್ನ ಪಾಟಿ! ಇನ್ನೂ ಇಟಗೊಂಡಿ?"

"ಧೂಳ ಒರಸಾಕತ್ತಿದ್ದೆ," ಎಂದು ಚೌಡವ್ವ ಸೆರಗಿನಿಂದ ಒರೆಸಿಬಿಟ್ಟಳು.

ಮಗಳು ಪಕ್ಕದಲ್ಲಿ ಕುಳಿತಳು. "ಅವ್ವ, ಅಷ್ಟ ಚಂದ ಕಲತಿದ್ದಿ. ಒಂದೀಟ ಮನಸ್ಸ ಮಾಡಿದ್ರ ಉಳೀತಿತ್ತು. ನಿನಗ ಓದೂದಂದ್ರ ಮೊದಲಿಂದೂ ಬ್ಯಾಸರ."

"ಇರಬೇಕ ಬಿಡವ್ವ," ಎಂದಳು ಚೌಡವ್ವ. "ಕೈಕಾಲ ತೊಳಕೊ. ಚಾ ಇಡತೀನಿ."

ಈಗ ನಾನು ಅಡುಗೆಮನೆಯ ಮೂಲೆಯಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ ಒರಗಿದ್ದೇನೆ. ಬರೆಸಿಕೊಳ್ಳುವುದು, ಒರೆಸಿಕೊಳ್ಳುವುದು, ನನಗೆ ಬರುವುದು ಇವೆರಡೇ. ಬರೆಯಲು ಬಂದಿದ್ದರೆ, ದಾಕ್ಷಾಯಣಿ ಹಿಟ್ಟಿಗೆ ಕೈ ಹಾಕಿದಾಗ ಕಣ್ಣಿಗೆ ಬೀಳುವಂತೆ, ಅದೇ ಶಬ್ದವನ್ನು ಬಳಸಿ ನನ್ನದೂ ಒಂದು ಸ್ವಂತ ವಾಕ್ಯ ಬರೆದಿಡುತ್ತಿದ್ದೆ: ನಿನ್ನ ಶಾಲೆಗಾಗಿ ನಿನ್ನವ್ವ ಬೇಕೆಂದೇ ತಪ್ಪು ಬರೆದಳು.