ಬಲಗಡೆಯ ರಾಕ್ಷಸ

ಬ್ಯಾಂಡಿನ ತುತ್ತೂರಿಯವನು ಹೊಸ ಕೆಂಪು ಕೋಟು ತೊಟ್ಟು ನಮ್ಮ ಹೊಲಿಗೆ ಅಂಗಡಿಯ ಕನ್ನಡಿಯ ಮುಂದೆ ನಿಂತ. ಅವನ ಬಲಗೈ, ಬೇರೆ ಯಾರದೋ ತಂದು ಅಂಟಿಸಿದಂತೆ, ಹಿಂದಕ್ಕೆ ಸೊಟ್ಟಗಾಗಿತ್ತು.

"ಏನಜ್ಜಿ, ಇನ್ಮೇಲೆ ಬೆನ್ನ ಹಿಂದೆ ಊದ್ಬೇಕಾ ನಾನು?"

ಅವನು ನಕ್ಕ. ಅಜ್ಜಿ ನಗಲಿಲ್ಲ. ಮಾವ, ಅಂದರೆ ಅಜ್ಜಿಯ ಮಗ, ಕೋಟು ಬಿಚ್ಚಿಸಿ ತಿರುವಿ ನೋಡಿದ. ಎರಡೂ ಎಡತೋಳು. ಅಜ್ಜಿಯ ಹೊಲಿಗೆ ಮಾತ್ರ ಎಂದಿನಂತೆ, ಇರುವೆ ಸಾಲು ಹೋದ ಹಾಗೆ ನೇರ.

ಅವತ್ತು ಅಂಗಡಿ ಮುಚ್ಚುವ ಮೊದಲು ಮಾವ ಅಜ್ಜಿಯ ದೊಡ್ಡ ಕತ್ತರಿಯನ್ನು ಬೀರುವಿನ ನೆತ್ತಿಯ ಮೇಲಿಟ್ಟ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಸಾಕು ಮಾಡಮ್ಮ. ಬ್ಯಾಂಡಿನವರ ಕೆಲಸ ಮುಗಿದ ಮೇಲೆ ನಿನ್ನ ಮೆಷಿನ್ನೂ ಯಾರಿಗಾದ್ರೂ ಕೊಟ್ಬಿಡೋಣ. ಮನೇಲಿ ಆರಾಮಾಗಿರು" ಎಂದ, ಮಗುವಿಗೆ ಹೇಳುವ ಹಾಗೆ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ದೊಡ್ಡಮ್ಮಂಗೂ ಹೀಗೇ ಶುರುವಾಗಿದ್ದು" ಎಂದ.

ದೊಡ್ಡಮ್ಮ ಅಂದರೆ ಅಜ್ಜಿಯ ಅಕ್ಕ. ಮೊದಲು ಗೋಡೆ ಹಿಡಿದು ನಡೆದಳು, ಆಮೇಲೆ ಮಾತಿನ ನಡುವೆ ತಡವರಿಸಿದಳು, ಕೊನೆಗೆ ಹೆತ್ತ ಮಕ್ಕಳನ್ನೇ "ನೀವು ಯಾರ ಮನೆಯವರಪ್ಪಾ?" ಎಂದು ಕೇಳಿದಳು. ಅಜ್ಜಿಯೂ ಈಗ ಗೋಡೆ ಹಿಡಿಯುತ್ತಿದ್ದಳು, ಗಿರಾಕಿಗಳ ಹೆಸರು ಅದಲುಬದಲು ಮಾಡುತ್ತಿದ್ದಳು. ನನ್ನನ್ನು ಎಲ್ಲಕ್ಕಿಂತ ಹೆದರಿಸಿದ್ದು ಕಥೆ. ನಾನು ಪಕ್ಕದಲ್ಲಿ ಗುಂಡಿ ಹಾಕುವುದು, ಅಜ್ಜಿ ಹೊಲಿಯುತ್ತಾ ಕಥೆ ಹೇಳುವುದು, ನನಗೆ ಬುದ್ಧಿ ಬಂದಾಗಿನಿಂದ ನಡೆದದ್ದೇ ಹಾಗೆ. ಈಗ ಬಿಳಿ ಕುದುರೆಯೇರಿ ಹೊರಟ ರಾಜಕುಮಾರಿ ನಡುದಾರಿಯಲ್ಲೇ ನಿಂತುಬಿಡುತ್ತಿದ್ದಳು. ಅಜ್ಜಿ ತುಟಿ ಬಿಗಿದು, ಮೆಷಿನ್ನಿನ ಅಂಚನ್ನು ಹಿಡಿದು, "ಆಮೇಲೆ ಹೇಳ್ತೀನಿ ಕಣೇ" ಅನ್ನುತ್ತಿದ್ದಳು. ಆ ಆಮೇಲೆ ಬರುತ್ತಲೇ ಇರಲಿಲ್ಲ.

ಮರುದಿನ ಕೋಟು ಸರಿಮಾಡಲು ಅಜ್ಜಿಯ ಜಾಗದಲ್ಲಿ ನಾನು ಕೂತೆ. ನಮ್ಮಲ್ಲಿ ಕತ್ತರಿಸಿದ ತೋಳುಗಳು ಬೆರೆಯದಿರಲೆಂದು ಎಡದವನ್ನು ಎಡಗಡೆಯ ಸ್ಟೂಲಿನ ಮೇಲೆ ಇಡುತ್ತೇವೆ, ಬಲದವನ್ನು ಬಲಗಡೆ ನೆಲದ ಬುಟ್ಟಿಯಲ್ಲಿ. ಅಜ್ಜಿಯೇ ಮಾಡಿದ ಕಟ್ಟಳೆ ಅದು. ಬಲಕ್ಕೆ ಕತ್ತು ತಿರುಗಿಸಿ ಬುಟ್ಟಿಗೆ ಬಗ್ಗಿದವಳು ಹಾಗೇ ಉಳಿದೆ. ಅಜ್ಜಿಯ ಕಥೆ ನಿಲ್ಲುತ್ತಿದ್ದುದು ಇಲ್ಲೇ. ಪ್ರತಿ ಸಲವೂ ಇಲ್ಲೇ, ಈ ಬುಟ್ಟಿಯ ಹತ್ತಿರ!

ಅವಳ ಕಥೆಗಳಲ್ಲಿ ಯಾವಾಗಲೂ ಹೋಗಬಾರದ ಒಂದು ದಿಕ್ಕಿರುತ್ತದೆ, ಅಲ್ಲೊಬ್ಬ ರಾಕ್ಷಸ ಕೂತಿರುತ್ತಾನೆ. ತೋಳನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

"ಅಜ್ಜೀ, ನಿನ್ನ ಬಲಗಡೆ ಯಾವ ರಾಕ್ಷಸ ಕೂತಿದ್ದಾನೆ?"

ಅಜ್ಜಿ ಸೆರಗಿನ ಅಂಚನ್ನು ಮಡಿಸಿದಳು, ಬಿಚ್ಚಿದಳು. "ಗೊತ್ತಾಗೋಯ್ತಾ? ಆ ಕಡೆ ಬಗ್ಗಿದ್ರೆ ಸಾಕು, ಅಂಗಡಿಗೆ ಅಂಗಡಿನೇ ಗಿರಗಿರ ಸುತ್ತುತ್ತೆ. ಹಾಸಿಗೇಲಿ ಆ ಮಗ್ಗುಲಿಗೆ ಹೊರಳಿದ್ರೂ ಅಷ್ಟೇ. ಅವತ್ತು ಬುಟ್ಟಿಗೆ ಬಗ್ಗೋಕೆ ಧೈರ್ಯ ಬರ್ಲಿಲ್ಲ. ಸ್ಟೂಲಿಂದಲೇ ಇನ್ನೊಂದು ಎಳ್ಕೊಂಡೆ, ಮಗುಚಿ ಹಾಕಿದ್ರೆ ಆಗುತ್ತೆ ಅನ್ನಿಸ್ತು."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ಬಿಟ್ರೆ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತೀರ. ಅವರು ಅಕ್ಕನ್ನ ಕೇಳಿದ ಹಾಗೇ ಇವತ್ತು ಯಾವ ವಾರ ಅಂತಾರೆ. ಅದು ನನಗೆ ಹರೆಯದಲ್ಲೇ ಗೊತ್ತಿರ್ತಿರ್ಲಿಲ್ಲ!"

ನಾನು ನಕ್ಕುಬಿಟ್ಟೆ. ಅವಳ ಕಣ್ಣು ಮಾತ್ರ ತುಂಬಿತ್ತು.

ಡಾಕ್ಟರು ಅದನ್ನೇ ಕೇಳಿದರು. ಅಜ್ಜಿ ಯೋಚಿಸಿ, "ನಿನ್ನೆ ನನ್ನ ಮಗ ಬಿಸಿಲೇರೋವರೆಗೂ ಗೊರಕೆ ಹೊಡೆದ. ಅಂದ್ರೆ ಇವತ್ತು ಸೋಮವಾರ" ಎಂದಳು. ಮಾವ ಚಾವಣಿ ನೋಡಿದ. ನೆನಪಿಟ್ಟುಕೊಳ್ಳಿ ಎಂದು ಕೊಟ್ಟ ಮೂರು ಪದಗಳಲ್ಲಿ ಕೊಡೆ, ನಿಂಬೆಹಣ್ಣು ಬಂದವು. ಹಲಗೆ ಬರಲಿಲ್ಲ.

ಆಮೇಲೆ ಅವಳ ತಲೆಯನ್ನು ಬಲಕ್ಕೆ ತಿರುಗಿಸಿ ಸರಕ್ಕನೆ ಹಿಂದಕ್ಕೆ ಮಲಗಿಸಿದರು. "ಅಯ್ಯೋ, ಬಿದ್ದೆ!" ಎಂದು ಅಜ್ಜಿ ಉಗುರು ನಾಟುವಂತೆ ನನ್ನ ಕೈ ಹಿಡಿದಳು. ಅವಳ ಕಣ್ಣುಗುಡ್ಡೆಗಳು ತಾವಾಗಿಯೇ ಕುಣಿಯುತ್ತಿದ್ದವು. ಡಾಕ್ಟರು ಮಾತ್ರ ಕಳೆದ ಸೂಜಿ ಸಿಕ್ಕವರಂತೆ ಮುಗುಳ್ನಕ್ಕರು. ಕುಣಿತ ನಿಂತ ಮೇಲೆ ತಲೆಯನ್ನು ಎಡಕ್ಕೆ ತಿರುಗಿಸಿದರು, ಕಾದರು, ಮೈಯನ್ನೇ ಎಡಮಗ್ಗುಲಿಗೆ ಹೊರಳಿಸಿದರು, ಮತ್ತೆ ಕಾದರು, ಎಬ್ಬಿಸಿ ಕೂರಿಸಿದರು.

"ಕಿವಿಯೊಳಗೆ ಮರಳಿನಂಥ ಸಣ್ಣ ಹರಳುಗಳಿರ್ತವೆ. ಜಾಗ ಬಿಟ್ಟು ಜಾರಿದ್ವು, ವಾಪಸ್ ಕಳ್ಸಿದೀನಿ. ಬೀಳದ ಹಾಗೆ ನಿಲ್ಲೋದಕ್ಕೇ ಗಮನವೆಲ್ಲ ಖರ್ಚಾದ್ರೆ ಹೆಸರು, ಕಥೆ ಇವಕ್ಕೆಲ್ಲ ಏನು ಉಳಿಯುತ್ತೆ ಹೇಳಿ?"

"ಹಾಗಾದ್ರೆ ದೊಡ್ಡಮ್ಮನ ಕಾಯಿಲೆ..." ಮಾವ ಕುರ್ಚಿಯ ಅಂಚಿಗೆ ಸರಿದ.

"ಇವತ್ತು ಅಂಥದ್ದೇನೂ ಕಾಣ್ಲಿಲ್ಲ. ಒಂದು ಪದ ಮರೆಯೋದು ಈ ವಯಸ್ಸಲ್ಲಿ ಇದ್ದಿದ್ದೇ. ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ. ಸುತ್ತು ಮತ್ತೆ ಬಂದ್ರೂ ಬರಬಹುದು. ಮುಚ್ಚಿಡ್ಬೇಡಿ ಅಷ್ಟೇ."

ಹೊರಗೆ ಬಂದು ಮಾವ, ಕೊರಳಲ್ಲೇ ಮರೆತು ಬಂದಿದ್ದ ಅಳತೆ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡ.

ಎರಡು ದಿನ ಬಿಟ್ಟು ಅಜ್ಜಿ ತನ್ನ ಜಾಗದಲ್ಲಿ ಕೂತಳು. ಬಲಕ್ಕೆ ತಿರುಗಿದಳು, ಬಗ್ಗಿದಳು. ನಾವಿಬ್ಬರೂ ಉಸಿರು ಬಿಗಿಹಿಡಿದೆವು. ಅವಳು ಬುಟ್ಟಿಯಿಂದ ತುತ್ತೂರಿಯವನ ಬಲತೋಳನ್ನು ಎತ್ತಿಕೊಂಡು ನೆಟ್ಟಗಾದಳು, ಅದೇನು ಮಹಾ ಎಂಬಂತೆ. ಮಾವ ಸ್ಟೂಲು ಹತ್ತಿ ಕತ್ತರಿ ಇಳಿಸಿ ತಂದ.

"ತಗೋ. ಧೂಳು ಕೂರುತ್ತೆ ಅಂತ ಮೇಲಿಟ್ಟಿದ್ದೆ."

"ಹೌದಪ್ಪಾ, ಬೀರು ಮೇಲೆ ಧೂಳು ಹತ್ತೋದೇ ಇಲ್ವಲ್ಲ" ಎಂದು ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸಿದಳು. "ಹೂಂ, ಎಲ್ಲಿದ್ಲು ನಮ್ಮ ರಾಜಕುಮಾರಿ? ಆ ಕರಿ ಕುದುರೆ ಹತ್ತಿ ಹೊರಟ್ಲಲ್ಲ..."

"ಅಜ್ಜಿ, ಅದು ಬಿಳಿ ಕುದುರೆ ಅಲ್ವಾ?"

ಕೇಳಬಾರದಿತ್ತು. ಮಾವನ ಮೆಷಿನ್ನು ಗಕ್ಕನೆ ನಿಂತಿತು.

ಅಜ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಇಷ್ಟು ದಿನ ನಡುದಾರೀಲಿ ನಿಂತಿತ್ತು ಪಾಪ, ಮೈಯೆಲ್ಲಾ ಕೆಸರು. ನೀನೇನಾದ್ರೂ ಹೋಗಿ ತೊಳೆದ್ಯಾ?"

ಮಾವನ ಮೆಷಿನ್ನು ಮತ್ತೆ ಓಡತೊಡಗಿತು.