ಸಿಪ್ಪೆ ಇರುವುದು ಮಾತ್ರ

ಬಟ್ಟೆಯ ಅಂಚನ್ನು ಒಳಗೆ ಮಡಚಿ, ಹೊರಗೆ ಒಂದು ನೂಲೂ ಕಾಣದಂತೆ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಮಗಳ ಊಟದಲ್ಲೂ ಅವಳು ಅದೇ ಕಸುಬು ನಡೆಸಿದ್ದಳು. ಆರು ವರ್ಷದ ಮಗಳಿಗೆ ಮನೆಯಲ್ಲಿ ‘ಮೆಣಸು’ ಎಂದೇ ಹೆಸರು. ತರಕಾರಿ ಕಂಡರೆ ಮಾರು ದೂರ. ಪಾಲಕ್, ಕ್ಯಾರೆಟ್, ಹೂಕೋಸು ಎಲ್ಲವನ್ನೂ ಬೇಯಿಸಿ, ನುಣ್ಣಗೆ ಅರೆದು, ಆಮ್ಲೆಟ್ಟಿಗೋ ಸೂಪಿಗೋ ಬೆರೆಸಿಬಿಟ್ಟರೆ ಮಗಳು ತಟ್ಟೆ ನೆಕ್ಕಿ ಏಳುತ್ತಿದ್ದಳು. ತಾಯಿ ಒಳಗೊಳಗೇ ಬೀಗುತ್ತಿದ್ದಳು.

ಮಿಕ್ಸಿಯ ಬ್ಲೇಡು ಮೊಂಡಾದ ದಿನ ಗುಟ್ಟು ರಟ್ಟಾಯಿತು. ಮೆಣಸು ಆಮ್ಲೆಟ್ಟಿನ ಮಡಿಕೆಯಿಂದ ಒಂದು ಹಸಿರು ನಾರು ಎಳೆದು ಅಂಗೈ ಮೇಲಿಟ್ಟುಕೊಂಡಳು.

“ಅಮ್ಮಾ, ಇದೇನು?”

“ಏನಿಲ್ಲ ಕಣೇ, ತಿನ್ನು.”

“ಏನಿಲ್ಲ ಅಂದ್ರೆ ಕಾಣ್ತಿರೋದೇನು? ದಿನಾ ಹಾಕ್ತಿದ್ಯಾ?”

ಮಗಳು ಅಳಲಿಲ್ಲ, ರಂಪ ಮಾಡಲಿಲ್ಲ. ತಟ್ಟೆಯನ್ನು ಮೆಲ್ಲಗೆ ಆಚೆ ತಳ್ಳಿದಳು, ಅಷ್ಟೆ.

ಅಲ್ಲಿಂದ ಶುರುವಾಯಿತು. ಬ್ರೆಡ್ಡು ಕೊಟ್ಟರೆ ಮುರಿದು ನೋಡುವುದು, ಹಾಲು ಕೊಟ್ಟರೆ ಮೂಸುವುದು, ಅನ್ನವನ್ನು ಚಮಚದಲ್ಲಿ ಹರಡಿ ಕೆದಕಿ ಹಾಗೇ ಬಿಡುವುದು.

“ಮನೇಲೇ ಚೆಕ್‌ಪೋಸ್ಟ್ ಹಾಕಿದ್ದಾಳಲ್ಲೇ ನಿನ್ನ ಮಗಳು! ಕಳ್ಳಸಾಗಣೆ ಮಾಡಿದೋಳು ನೀನು, ಅನುಭವಿಸು” ಎಂದು ಗಂಡ ನಕ್ಕ.

ಅವಳಿಗೆ ನಗು ಬರಲಿಲ್ಲ. ಮೈಗೆ ಸರಿಯಾಗಿ ಹೊಲಿದಿದ್ದ ಫ್ರಾಕನ್ನು ಎರಡೂ ಪಕ್ಕ ಒಳಗೆ ಹಿಡಿದು ಮತ್ತೆ ಹೊಲಿಯಬೇಕಾಗಿ ಬಂದಿತ್ತು. ಮಗು ಸೊರಗಿದ್ದು ಒಂದು ಸಂಕಟ. ಮೊದಲ ತುತ್ತು ತಿನ್ನಿಸಿದ ತನ್ನ ಕೈಯನ್ನೇ ಅದು ಅನುಮಾನದಿಂದ ನೋಡುವುದು ಇನ್ನೊಂದು. ಎರಡನೆಯದನ್ನು ಗಂಡನಿಗೂ ಹೇಳಿಕೊಳ್ಳಲಾಗಲಿಲ್ಲ.

ಹೊಲಿಗೆ ಅಂಗಡಿಯಲ್ಲಿ ಪಕ್ಕದ ಮಷೀನಿನ ಅಕ್ಕ ಇವಳ ಗೋಳು ಕೇಳಿ ಹೇಳಿದಳು: “ಎರಡು ಬಿಟ್ಟು ನೋಡೇ, ದಾರಿಗೆ ಬರ್ತಾಳೆ.”

“ಹೊಡೆದ್ರೆ ಹೊಟ್ಟೆಗೆ ಹೋಗಬಹುದು ಅಕ್ಕಾ. ಆಮೇಲೆ ನನ್ನ ನಂಬ್ತಾಳಾ?”

“ಹಾಗಾದ್ರೆ ಗಾಳಿ ಕುಡ್ಕೊಂಡಿದ್ದಾಳಾ?”

“ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಕಿತ್ತಳೆ. ಅದೂ ತಾನೇ ಸುಲಿದ್ರೆ ಮಾತ್ರ.”

ಹೇಳುತ್ತಿದ್ದಂತೆ ಅವಳ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಎಲ್ಲಕ್ಕೂ ಸಿಪ್ಪೆ ಇದೆ! ಒಳಗೆ ಯಾರ ಕೈಯೂ ಹೋಗಿಲ್ಲವೆಂದು ಮಗುವಿಗೆ ಗೊತ್ತು.

ಸಂಜೆ ಮನೆಗೆ ಹೋಗುವಾಗ ಬಟಾಣಿ ಕಾಯಿ ಕೊಂಡಳು. ಊಟದ ಮೇಜಿನ ಮೇಲೆ ಸುರಿದು, ಮಗಳನ್ನು ಕರೆಯದೆ ಸುಲಿಯತೊಡಗಿದಳು. ಮೆಣಸು ದೂರದಿಂದ ನೋಡಿದಳು, ಹತ್ತಿರ ಬಂದಳು, ಒಂದು ಕಾಯಿ ಎತ್ತಿ ಹಿಂದೆ ಮುಂದೆ ತಿರುಗಿಸಿದಳು.

“ಇದ್ರೊಳಗೆ ಏನಾದ್ರೂ ಹಾಕಿದ್ಯಾ?”

“ಎಲ್ಲಿಂದ ಹಾಕ್ಲಿ? ಬಿಚ್ಚಿ ಹೊಲಿದಿದ್ರೆ ದಾರ ಕಾಣಬೇಕಲ್ವಾ? ನೋಡು.”

ಮಗಳು ಕಾಯನ್ನು ದೀಪಕ್ಕೆ ಹಿಡಿದು, ಅಂಚಿನುದ್ದಕ್ಕೂ ಉಗುರಾಡಿಸಿ ಪರೀಕ್ಷಿಸಿದಳು. ಆಮೇಲೆ ಚಟಕ್ಕನೆ ಬಿಡಿಸಿದಳು. ಒಂದು ಕಾಳು ಬಾಯಿಗೆ ಹೋಯಿತು. ತಾಯಿ ತಲೆಯೆತ್ತದೆ ಸುಲಿಯುತ್ತಲೇ ಇದ್ದಳು.

“ಸಿಹಿ ಇದೆ.” ಇನ್ನೊಂದು. ಮತ್ತೊಂದು ಕಾಯಿ. ನೋಡನೋಡುತ್ತ ಸಿಪ್ಪೆ ಗುಡ್ಡೆಯಾಯಿತು.

ಆಗ ತಾಯಿ ಹೇಳಿದಳು: “ಆ ಅರೆದು ಹಾಕೋ ಕೆಲಸ ಬಿಟ್ಟೆ ಕಣೇ. ಇನ್ಮೇಲೆ ಏನು ಹಾಕಿದ್ರೂ ಹೇಳಿ ಹಾಕ್ತೀನಿ. ಬೇಡ ಅಂದ್ರೆ ಬೇಡ ಅನ್ನು.”

“ನಿಜವಾಗ್ಲೂ?”

“ನಿಜವಾಗ್ಲೂ.” ಒಳಗಿಂದ ಅನ್ನದ ಬಟ್ಟಲನ್ನೂ ಹೆಚ್ಚಿದ ಕ್ಯಾರೆಟ್ಟನ್ನೂ ತಂದು, ಒಂದು ಬಿಲ್ಲೆ ಎತ್ತಿ ಹಿಡಿದಳು. “ಇದು ಕ್ಯಾರೆಟ್. ಬೇಕಾ?”

“ಬೇಡ.”

ಎಷ್ಟು ಸಲೀಸಾದ ಬೇಡ! ಅದರಲ್ಲಿ ಮುನಿಸಿರಲಿಲ್ಲ, ಅನುಮಾನವಿರಲಿಲ್ಲ. ಬಿಲ್ಲೆಯನ್ನು ತಾನೇ ಬಾಯಿಗೆ ಹಾಕಿಕೊಂಡು, ಒಂದು ಚಮಚ ಬಿಸಿ ಅನ್ನವನ್ನು ಊದಿ ಮಗಳ ಮುಂದೆ ಹಿಡಿದಳು. “ಇದು ಬರೀ ಅನ್ನ, ಬೆಣ್ಣೆ.”

ಮೆಣಸು ಬಟಾಣಿ ಕಾಯಿಯಿಂದ ಕಣ್ಣು ಕೀಳದೆ, ಚಮಚದ ಕಡೆ ತಿರುಗಿಯೂ ನೋಡದೆ, ದೊಡ್ಡದಾಗಿ ಬಾಯಿ ತೆರೆದಳು.